ಬೆಟ್ಟದ ದಾರಿಯ ಸೈಕಲ್ ಸವಾರಿ: ಹೃದಯ ಏನೆನ್ನುತ್ತದೆ?

ಮಯೋರ್ಕ ಎಂಬುದು ಮೆಡಿಟರೇನಿಯನ್ ಸಮುದ್ರದಲ್ಲಿರುವ, ಸ್ಪೇನ್ ದೇಶಕ್ಕೆ ಸೇರಿದ ಒಂದು ದ್ವೀಪ. ವಿಸ್ತೀರ್ಣ ಸುಮಾರು 3,640 ಚದರ ಕಿಲೋಮೀಟರು. ಅಂದರೆ ನಮ್ಮ ಕೊಡಗು ಜಿಲ್ಲೆಗಿಂತ ಸ್ವಲ್ಪ ಚಿಕ್ಕದು. ಅದರ ವಾಯವ್ಯ ದಡದುದ್ದಕ್ಕೂ ಸುಮಾರು 90 ಕಿ.ಮೀ. ಉದ್ದದ ಬೆಟ್ಟಸಾಲು ಹಬ್ಬಿದೆ. ಹೆಸರು ಸೆರ್ರಾ ದೆ ತ್ರಮುಂತಾನ. ಕಲ್ಲು ಪೇರಿಸಿ ಕಟ್ಟಿದ ಮೆಟ್ಟಿಲು ಹೊಲಗಳು, ಹಳೆಯ ಆಲಿವ್ ಮರಗಳು, ಕೆಳಗೆ ನೀಲಿ ಸಮುದ್ರ. 2011ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯುರೋಪಿನ ಸೈಕಲ್ ಸವಾರರಿಗೆ ಈ ಬೆಟ್ಟದ ರಸ್ತೆಗಳೆಂದರೆ ಪಂಚಪ್ರಾಣ.

ಆರೋಗ್ಯದ ಅಂಕಣದಲ್ಲಿ ಇದೇಕೆ ಬಂತು ಎನ್ನುವಿರಾ? ಮೈಸೂರಿನ ಓದುಗರೊಬ್ಬರು ಕಳಿಸಿದ ಪತ್ರವೇ ಕಾರಣ. ಅವರಿಗೆ 54 ವರ್ಷ. ಮಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ; ಬರುವ ಏಪ್ರಿಲ್‌ನಲ್ಲಿ ಅಪ್ಪ-ಅಮ್ಮನನ್ನು ಮಯೋರ್ಕಕ್ಕೆ ಕರೆದೊಯ್ದು, ಬಾಡಿಗೆ ಸೈಕಲ್ಲಿನಲ್ಲಿ ಅಪ್ಪನೊಡನೆ ‘ಸಾ ಕಲೋಬ್ರಾ’ ಎಂಬ ದಾರಿಯನ್ನು ಹತ್ತುವ ಆಸೆ ಅವನದು. ಪತ್ರ ಬರೆದವರಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ದಿನವೂ ಅರ್ಧ ಗಂಟೆ ನಡೆಯುತ್ತಾರೆ. ‘ಕಾಲೇಜಿಗೆ ಸೈಕಲ್ಲಿನಲ್ಲೇ ಹೋದವನು ನಾನು, ಹೋಗಬಹುದೇ ಡಾಕ್ಟ್ರೇ?’ ಎಂದು ಕೇಳಿದ್ದಾರೆ. ಮಕ್ಕಳು ಹೊರದೇಶದಲ್ಲಿರುವ ಎಷ್ಟೋ ಮನೆಗಳಲ್ಲಿ ಇಂತಹ ಪ್ರವಾಸದ ಮಾತು ನಡೆಯುತ್ತಿರುತ್ತದೆ. ಆದ್ದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ದಾರಿಯನ್ನು ತಿಳಿಯೋಣ. ಸಾ ಕಲೋಬ್ರಾ ರಸ್ತೆಯನ್ನು ಆಂತೋನಿಯೋ ಪರಿಯೆತ್ತಿ ಎಂಬ ಇಂಜಿನಿಯರು 1930ರ ದಶಕದ ಆರಂಭದಲ್ಲಿ ರೂಪಿಸಿದರು. ಸಮುದ್ರದ ದಡದಿಂದ ಸುಮಾರು 680 ಮೀಟರು ಎತ್ತರದ ಕಣಿವೆದಾರಿಯವರೆಗೆ ಒಂಬತ್ತೂವರೆ ಕಿ.ಮೀ. ಏರು, ಸರಾಸರಿ ನೂರು ಮೀಟರು ಸಾಗಿದರೆ ಏಳು ಮೀಟರು ಮೇಲೇರಬೇಕು. ಇಪ್ಪತ್ತಕ್ಕೂ ಹೆಚ್ಚು ಹೇರ್‌ಪಿನ್ ತಿರುವುಗಳಿವೆ. ಒಂದು ಕಡೆಯಂತೂ ರಸ್ತೆ ಟೈ ಗಂಟಿನಂತೆ ಸುತ್ತಿ ತನ್ನ ಅಡಿಯಲ್ಲಿ ತಾನೇ ನುಸುಳಿ ಹೋಗುತ್ತದೆ. ಚಿತ್ರದಲ್ಲಿ ನೋಡಿದರೇ ಕಣ್ಣಿಗೆ ಹಬ್ಬ.

ಆದರೆ ವೈದ್ಯನ ಕಣ್ಣಿಗೆ ಬೀಳುವುದು ಬೇರೊಂದು ಸಂಗತಿ. ಈ ರಸ್ತೆ ಸಮುದ್ರದ ಬಳಿ ಮುಗಿದುಹೋಗುತ್ತದೆ. ಸೈಕಲ್ಲಿನಲ್ಲಿ ಹೋದವರು ಮೊದಲು ಇಳಿಯಬೇಕು, ಆಮೇಲೆ ಅದೇ ದಾರಿಯಲ್ಲಿ ಹತ್ತಿ ಬರಬೇಕು. ನಮ್ಮ ಚಾಮುಂಡಿ ಬೆಟ್ಟ ಹಾಗಲ್ಲ. ಅಲ್ಲಿ ಮೊದಲು ಹತ್ತುತ್ತೀರಿ; ಅರ್ಧದಲ್ಲಿ ಏದುಸಿರು ಬಂದರೆ ಸೈಕಲ್ ತಿರುಗಿಸಿದರಾಯಿತು, ಅದೇ ಮನೆಯ ಕಡೆಗೆ ಉರುಳುತ್ತದೆ. ಸಾ ಕಲೋಬ್ರಾದಲ್ಲಿ ‘ನನ್ನಿಂದಾಗದು’ ಎಂದು ಅರಿವಾಗುವ ಹೊತ್ತಿಗೆ ಮನುಷ್ಯ ಬೆಟ್ಟದ ಬುಡದಲ್ಲಿರುತ್ತಾನೆ. ಅಲ್ಲದೆ ಚಾಮುಂಡಿ ಬೆಟ್ಟ ಊರಿನ ಮಟ್ಟದಿಂದ ಸುಮಾರು 300 ಮೀಟರು ಎತ್ತರ. ಇದು ಅದರ ಎರಡು ಪಟ್ಟಿಗಿಂತ ಹೆಚ್ಚು.

ದೇಹಕ್ಕೆ ಬೀಳುವ ಹೊರೆ ಎಷ್ಟು? ಸವಾರ 75 ಕಿಲೋ, ಸೈಕಲ್ಲು 10 ಕಿಲೋ ಎಂದುಕೊಳ್ಳಿ. ಈ 85 ಕಿಲೋವನ್ನು 680 ಮೀಟರು ಎತ್ತುವುದೆಂದರೆ, ಮಹಡಿಗೆ 3 ಮೀಟರಿನಂತೆ 225ಕ್ಕೂ ಹೆಚ್ಚು ಮಹಡಿಗಳನ್ನು ಏರಿದಂತೆ. ನಮ್ಮ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಹೆಚ್ಚೆಂದರೆ ಕಾಲುಭಾಗ. ಮಿಕ್ಕ ಮುಕ್ಕಾಲು ಭಾಗ ಶಾಖವಾಗಿ ಹೊರಬರುತ್ತದೆ. ಲೆಕ್ಕ ಹಾಕಿದರೆ ಒಂದು ಏರಿಗೆ ಸುಮಾರು 600 ಕ್ಯಾಲೊರಿ, ಹತ್ತು ಹನ್ನೆರಡು ಇಡ್ಲಿಯಷ್ಟು, ಕರಗುತ್ತದೆ. ಸಾಧಾರಣ ಸವಾರನಿಗೆ ಇದಕ್ಕೆ ಒಂದು ಗಂಟೆಗೂ ಮಿಕ್ಕಿ ಬೇಕು. ಅಷ್ಟು ಹೊತ್ತೂ ಹೃದಯ ವಿಶ್ರಾಂತಿಯಿಲ್ಲದೆ ದುಡಿಯಬೇಕು. ಸಮತಟ್ಟಾದ ರಸ್ತೆಯಲ್ಲಿ ಸುಸ್ತಾದರೆ ಪೆಡಲ್ ತುಳಿಯುವುದನ್ನು ಬಿಟ್ಟರೂ ಸೈಕಲ್ ಸಾಗುತ್ತದೆ. ಏರಿನಲ್ಲಿ ಆ ಸೌಲಭ್ಯವಿಲ್ಲ. ವೇಗ ಕಡಿಮೆಯಾದ್ದರಿಂದ ಗಾಳಿಯೂ ಮೈಗೆ ತಾಗದು, ಬೆವರು ಆರದು.

ಹಾಗಾದರೆ ಅರ್ಧ ಗಂಟೆಯ ನಡಿಗೆ ಸಾಲದೇ? ಸಾಲದು. ನಡಿಗೆ ಒಳ್ಳೆಯದೇ, ಬಿಡಬೇಡಿ. ಆದರೆ ರೂಢಿಯಿಲ್ಲದ ತೀವ್ರ ಶ್ರಮಕ್ಕೆ ಒಮ್ಮೆಲೇ ಇಳಿಯುವುದು ಹೃದಯಾಘಾತಕ್ಕೆ ದಾರಿಯಾಗಬಹುದು. ಕ್ರಮವಾಗಿ ವ್ಯಾಯಾಮ ಮಾಡುವವರಲ್ಲಿ ಈ ಅಪಾಯ ಬಹಳ ಕಡಿಮೆ. ಕುಳಿತೇ ಇದ್ದು ಒಂದು ದಿನ ಸಾಹಸಕ್ಕೆ ಹೊರಟವರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ತೊಡಕಿದೆ. ನರಗಳು ದುರ್ಬಲವಾಗಿರುವ ಕಾರಣ ಹೃದಯಕ್ಕೆ ರಕ್ತ ಸಾಲದಾದಾಗಲೂ ಎದೆನೋವು ಕಾಣಿಸದಿರಬಹುದು. ಬರೀ ಏದುಸಿರು, ವಿಪರೀತ ಸುಸ್ತು, ತಣ್ಣನೆಯ ಬೆವರು ಇಷ್ಟೇ ಇರಬಹುದು. ಇದನ್ನು ‘ಏರು ಜಾಸ್ತಿ’ ಎಂದು ತಳ್ಳಿಹಾಕುವುದು ಸುಲಭ.

ಆದ್ದರಿಂದ ವಿಮಾನದ ಟಿಕೆಟ್ಟಿಗೆ ಮೊದಲು ನಿಮ್ಮ ವೈದ್ಯರನ್ನು ಕಾಣಿರಿ. ಇ.ಸಿ.ಜಿ., ಅಗತ್ಯವೆನಿಸಿದರೆ ಟ್ರೆಡ್‌ಮಿಲ್ ಪರೀಕ್ಷೆ, ಕಣ್ಣಿನ ಪಾಪೆಯ ಹಿಂಭಾಗದ ಪರೀಕ್ಷೆ, ಮೂತ್ರಪಿಂಡದ ಪರೀಕ್ಷೆ ಇಷ್ಟಾದರೂ ಆಗಲಿ. ಟ್ರೆಡ್‌ಮಿಲ್ ಸರಿಯಿದ್ದರೆ ಚಿರಂಜೀವಿ ಎಂದರ್ಥವಲ್ಲ, ಆದರೆ ಅಪಾಯವಿರುವ ಅನೇಕರು ಅದರಲ್ಲಿ ಸಿಕ್ಕಿಬೀಳುತ್ತಾರೆ.

ಗುಳಿಗೆಗಳ ವಿಚಾರ ಮಗನಿಗೂ ತಿಳಿದಿರಲಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಗುಳಿಗೆ ತೆಗೆದುಕೊಳ್ಳುವವರಿಗೆ ದೀರ್ಘ ಶ್ರಮದಲ್ಲಿ ಸಕ್ಕರೆ ಇಳಿದುಹೋಗಬಹುದು. ಸವಾರಿಯ ಸಮಯದಲ್ಲಿ ಮಾತ್ರವಲ್ಲ, ಆ ರಾತ್ರಿ ನಿದ್ದೆಯಲ್ಲಿಯೂ. ನಡುಕ, ಬೆವರು, ಎದೆ ಡವಗುಟ್ಟುವುದು ಇದರ ಲಕ್ಷಣಗಳು. ಬೆಟ್ಟ ಹತ್ತುವವನಿಗೆ ಬೆವರು ಹೇಗೂ ಇರುತ್ತದಲ್ಲ, ಗುರುತು ಸಿಗುವುದೇ ಕಷ್ಟ. ಅಟೆನಲಾಲ್, ಮೆಟೊಪ್ರೊಲಾಲ್ ಜಾತಿಯ ಗುಳಿಗೆಗಳು ನಡುಕ, ಎದೆ ಡವಗುಟ್ಟುವ ಲಕ್ಷಣಗಳನ್ನು ಮರೆಮಾಚುತ್ತವೆ, ನಾಡಿಬಡಿತವನ್ನೂ ತಗ್ಗಿಸುತ್ತವೆ. ಅಂತಹವರು ‘220ರಲ್ಲಿ ವಯಸ್ಸು ಕಳೆ’ ಎಂಬ ನಾಡಿಯ ಲೆಕ್ಕವನ್ನು ನಂಬಬಾರದು. ಮೂತ್ರ ಹೆಚ್ಚಿಸುವ ಗುಳಿಗೆಗಳಿಂದ ನೀರಿನಂಶ ಬೇಗ ಕಳೆಯುತ್ತದೆ. ಯಾವ ಗುಳಿಗೆಯನ್ನೂ ತಾವಾಗಿ ಬಿಡಬೇಡಿ. ಆ ದಿನದ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಳ್ಳಿ. ಹೊರಡುವ ಮುನ್ನ ಸಕ್ಕರೆ ನೋಡಿಕೊಳ್ಳಿ. 100ಕ್ಕಿಂತ ಕಡಿಮೆಯಿದ್ದರೆ ತಿಂದು, ಏರಿದ ಮೇಲೆ ಹೊರಡಿ. ಅಂಗಿಯ ಜೇಬಿನಲ್ಲಿ ಗ್ಲೂಕೋಸ್ ಇರಲಿ, ಹೋಟೆಲಿನ ಕೋಣೆಯಲ್ಲಲ್ಲ.

ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ-ಸಕ್ಕರೆ ಒಳಗೆ ಹೋಗಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಆ ದ್ವೀಪದ ಸೋಯೆರ್ ಕಣಿವೆಯ ಕಿತ್ತಳೆ ಹೆಸರುವಾಸಿ, ಧಾರಾಳವಾಗಿ ತಿನ್ನಿ. ಸಸ್ಯಾಹಾರಿಗಳಿಗೆ ಒಂದು ಮಾತು: ಅಲ್ಲಿ ಎಲ್ಲ ಬೇಕರಿಗಳಲ್ಲೂ ಸಿಗುವ, ಸುರುಳಿ ಸುತ್ತಿದ ‘ಎನ್ಸಾಯ್ಮಾದ’ ಎಂಬ ತಿನಿಸಿಗೆ ಹಂದಿಯ ಕೊಬ್ಬು ಹಾಕುವುದು ಸಂಪ್ರದಾಯ. ಹೆಸರೇ ಆ ಕೊಬ್ಬಿನಿಂದ ಬಂದದ್ದು. ಕೇಳಿ ತಿನ್ನಿ. ನೀರನ್ನು ಬಾಯಾರಿಕೆಗೆ ತಕ್ಕಂತೆ ಆಗಾಗ ಗುಟುಕರಿಸಿ. ಲೀಟರುಗಟ್ಟಲೆ ಬರೀ ನೀರು ಕುಡಿದರೆ ರಕ್ತದ ಸೋಡಿಯಂ ತಗ್ಗಿ ಅದೇ ಆಪತ್ತಾದೀತು.

ಇಳಿಯುವಾಗಲೂ ಎಚ್ಚರ ಬೇಕು. ಬೆವರಿದ ಮೈಗೆ ಗಾಳಿ ಹೊಡೆದು ಚಳಿ ಹಿಡಿಯುತ್ತದೆ, ಬೆರಳು ಮರಗಟ್ಟುತ್ತದೆ, ಬ್ರೇಕು ಹಿಡಿಯಲಾಗದು. ತೆಳು ಜಾಕೆಟ್ ಒಯ್ಯಿರಿ. ಬ್ರೇಕನ್ನು ತಿರುವಿನ ಮೊದಲೇ ಹಿಡಿದು ವೇಗ ತಗ್ಗಿಸಿ, ತಿರುವಿನ ನಡುವೆ ಅಲ್ಲ. ಅಲ್ಲಿ ವಾಹನಗಳು ರಸ್ತೆಯ ಬಲಭಾಗದಲ್ಲಿ ಓಡುತ್ತವೆ; ಎಡಬದಿಯ ರೂಢಿಯವರಿಗೆ ಆಯಾಸವಾದಾಗಲೇ ಮರೆವು. ಊರ ಹೊರಗಿನ ರಸ್ತೆಗಳಲ್ಲಿ ಹೆಲ್ಮೆಟ್ ಕಡ್ಡಾಯ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದರೆ ಅಂಗೈಯ ನರ ಅದುಮಿದೆ ಎಂದು ತಿಳಿದು ಕೈಯ ಹಿಡಿತ ಬದಲಿಸಿ.

ಇನ್ನು ಪ್ರಶ್ನೆಗೆ ನೇರ ಉತ್ತರ. ಪರೀಕ್ಷೆಗಳು ಸರಿಯಿದ್ದು, ಕನಿಷ್ಠ ಮೂರು ತಿಂಗಳು ವಾರಕ್ಕೆ ನಾಲ್ಕು ದಿನ ಸೈಕಲ್ ತುಳಿದು, ಚಾಮುಂಡಿ ಬೆಟ್ಟವನ್ನು ಮಾತಾಡುತ್ತಲೇ ಹತ್ತುವಷ್ಟಾಗಿ, ಒಂದು ದಿನ ಎರಡು ಬಾರಿ ಹತ್ತಿಳಿದರೂ ಮರುದಿನ ಲವಲವಿಕೆಯಿದ್ದರೆ, ಸಣ್ಣ ಗೇರಿನ ಸೈಕಲ್ಲಿನಲ್ಲಿ ನಿಧಾನವಾಗಿ ಸಾ ಕಲೋಬ್ರಾ ಹತ್ತಬಹುದು. ಅಷ್ಟಾಗದಿದ್ದರೆ ಮೇಲಿನ ಕಣಿವೆದಾರಿಯವರೆಗೆ ಮಾತ್ರ ಹೋಗಿ, ಆ ಟೈ ಗಂಟನ್ನು ಮೇಲಿನಿಂದ ನೋಡಿ ಹಿಂತಿರುಗಿ. ನನ್ನನ್ನು ಕೇಳಿದರೆ ಮೊದಲ ಸಲಕ್ಕೆ ಅದೇ ಸರಿ. ಪೊಯೆನ್ಸಾ ಬಂದರಿನಿಂದ ಫೋರ್ಮೆಂತೋರ್ ದೀಪಸ್ತಂಭದ ದಾರಿಯೂ ಅದೇ ಪರಿಯೆತ್ತಿ ರೂಪಿಸಿದ್ದು. ಏರಿಳಿತ ಇದ್ದರೂ ಒಂದೇ ಸಮನೆ ಅಷ್ಟು ದೀರ್ಘ ಏರಿಲ್ಲ. ಎದೆ ಬಿಗಿತ, ದವಡೆ ಅಥವಾ ತೋಳಿನ ನೋವು, ತಲೆಸುತ್ತು ಯಾವುದೇ ಬಂದರೂ ಕೂಡಲೇ ಇಳಿದು ಕೂಡಿ, 112ಕ್ಕೆ ಫೋನ್ ಮಾಡಿಸಿ. ಇದು ಯುರೋಪಿನಲ್ಲೆಲ್ಲ ತುರ್ತು ಸಂಖ್ಯೆ.

ಮಂಡಿನೋವಿರುವ ತಮ್ಮ ಶ್ರೀಮತಿಯವರು ಬರಬಹುದೇ ಎಂದೂ ಕೇಳಿದ್ದೀರಿ. ಖಂಡಿತ ಬರಲಿ. ದ್ವೀಪದ ನಡುವೆ ಸಿನೇವು, ಪೆತ್ರಾ ಊರುಗಳ ಸುತ್ತ ಬಯಲು ಸೀಮೆಯಿದೆ. ಹೊಲಗಳ ನಡುವಿನ ಸಣ್ಣ ರಸ್ತೆಗಳು. ಸೈಕಲ್ಲಿನಲ್ಲಿ ಮೈಭಾರ ಸೀಟಿನ ಮೇಲೆ ಬೀಳುವುದರಿಂದ ಮಂಡಿಗೆ ನಡಿಗೆಗಿಂತ ಹಗುರ. ಪೆಡಲ್ ಕೆಳಗಿದ್ದಾಗ ಮಂಡಿ ತುಸುವಷ್ಟೇ ಮಡಚುವಂತೆ ಸೀಟು ಏರಿಸಬೇಕು. ಸೀಟು ತಗ್ಗಿದ್ದರೆ ಮಂಡಿಚಿಪ್ಪಿನ ಮೇಲೆ ಒತ್ತಡ ಹೆಚ್ಚು. ಮೋಟಾರಿನ ನೆರವಿರುವ ಸೈಕಲ್ ಬಾಡಿಗೆಗೆ ಸಿಕ್ಕರೆ ಅವರಿಗೆ ಅದನ್ನೇ ಕೊಡಿಸಿ. ತಾವೂ ಅದನ್ನೇ ಹತ್ತಿದರೆ ಮಗ ಬೇಸರಿಸಲಾರ.