ಹೆಸರಿಡುವ ಮೊದಲು: ಒಂದು ಕುಂದಾಪ್ರ ಕನ್ನಡ ಪ್ರಾಜೆಕ್ಟಿನಿಂದ ಕಲಿತದ್ದು

ಲ್ಯಾಪ್‌ಟಾಪಿನಲ್ಲಿ "ಹೋಗಬೇಕು" ಅಂತ ಬರೆದರೆ ಏನೂ ತೊಂದರೆ ಇಲ್ಲ. "ಹೋಯ್ಕ್" ಅಂತ ಬರೆದರೆ ಕೆಳಗೆ ಕೆಂಪು ಗೆರೆ ಬೀಳ್ತದೆ. ನಮ್ಮ ಮನೆಯವರು ದಿನಾ ಆಡುವ ಮಾತು ಕಂಪ್ಯೂಟರಿಗೆ ತಪ್ಪು. ಕಾರಣ ಸರಳ: ಅದರ ಪದಪಟ್ಟಿಯಲ್ಲಿ ಆ ಮಾತೇ ಇಲ್ಲ. ಹಾಗಾದರೆ ನಾವೇ ಒಂದು ಪಟ್ಟಿ ಮಾಡಿ ಓಪನ್ ಸೋರ್ಸ್ ಆಗಿ ಬಿಡುವ ಅಂತ ಕ್ಲಬ್ಬಿನ ಕೆಲವರು ಒಂದು ಸಂಜೆ ಕೂತೆವು. ಒಂದು ಸಾಲು ಕೋಡ್ ಬರೆಯುವ ಮೊದಲೇ ಜಗಳ ಶುರು. ಹೆಸರು ಎಂತ ಇಡುದು?

"ಕುಂದಾಪ್ರ ಅಂತ ಇಟ್ರೆ ನಾವ್ ಬೈಂದೂರಿನವ್ರ್ ಎಲ್ಲಿಗ್ ಹೋಯ್ಕ್?" ಅಂದ ಒಬ್ಬ. ಬ್ರಹ್ಮಾವರ ಕಡೆಯವಳು, ತಮ್ಮಲ್ಲಿ ಕೆಲವರು ಇದನ್ನು ಕೋಟ ಕನ್ನಡ ಅಂತಲೇ ಹೇಳುವುದು ಅಂದಳು. ಮತ್ತೊಬ್ಬನಿಗೆ "ಕುಂದಗನ್ನಡ" ಚಂದ ಕಾಣಿಸಿತು. ಇದು ನಮ್ಮೊಳಗಿನ ಜಗಳ ಮಾತ್ರ ಅಲ್ಲ, ದೊಡ್ಡ ಓಪನ್ ಸೋರ್ಸ್ ಸಮುದಾಯಗಳೂ ಇದನ್ನೇ ಎದುರಿಸಿವೆ ಅಂತ ಆಮೇಲೆ ಓದಿದಾಗ ಗೊತ್ತಾಯ್ತು. ಆ ಓದಿನ ಸಾರ ಇಲ್ಲಿದೆ.

೧. ಬದಲಾಗುವುದನ್ನು ಹೆಸರಿಗೆ ಸೇರಿಸಬೇಡಿ

ಡೆಬಿಯನ್ ಲಿನಕ್ಸಿನಲ್ಲಿ ಹಿಂದೆ ಫಾಂಟ್ ಪ್ಯಾಕೇಜುಗಳ ಹೆಸರು "ಟಿಟಿಎಫ್" ಅಂತ ಶುರುವಾಗುತ್ತಿತ್ತು. ಅದು ಕಡತದ ಮಾದರಿಯ ಹೆಸರು. ನಾಳೆ ಅದೇ ಫಾಂಟ್ "ಒಟಿಎಫ್" ಮಾದರಿಯಲ್ಲಿ ಬಂದರೆ ಹೆಸರೇ ಸುಳ್ಳಾಗ್ತದೆ. ಹಾಗಾಗಿ ನಿಯಮ ಬದಲಿಸಿದರು: ಮೊದಲು "ಫಾಂಟ್ಸ್", ನಂತರ ತಯಾರಿಸಿದವರ ಹೆಸರು, ನಂತರ ಫಾಂಟಿನ ಹೆಸರು. ಕನ್ನಡದ ಗುಬ್ಬಿ, ನವಿಲು ಫಾಂಟುಗಳು ಅಲ್ಲಿ "ಫಾಂಟ್ಸ್-ಗುಬ್ಬಿ", "ಫಾಂಟ್ಸ್-ನವಿಲು" ಅಂತಲೇ ಸಿಗ್ತವೆ.

ನಮ್ಮ ಜಗಳಕ್ಕೂ ಇದು ಅನ್ವಯಿಸ್ತದೆ. 1997ರಲ್ಲಿ ಉಡುಪಿ ಜಿಲ್ಲೆ ಆದಾಗ ಇದ್ದದ್ದು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ ತಾಲ್ಲೂಕು. ಈಗ ಬೈಂದೂರು, ಬ್ರಹ್ಮಾವರ ಎರಡೂ ಬೇರೆ ತಾಲ್ಲೂಕು. ತಾಲ್ಲೂಕಿನ ಲೆಕ್ಕದಲ್ಲಿ ಹೆಸರಿಟ್ಟಿದ್ದರೆ ಇಷ್ಟು ಹೊತ್ತಿಗೆ ಅದು ಹಳತಾಗಿರುತ್ತಿತ್ತು. ಗಡಿ ಬದಲಾದರೂ ಮಾತು ಬದಲಾಗಲಿಲ್ಲ. "ಕುಂದಾಪ್ರ ಕನ್ನಡ" ಎಂಬುದು ಈಗ ತಾಲ್ಲೂಕಿನ ಹೆಸರಾಗಿ ಉಳಿದಿಲ್ಲ, ಮಾತಿನ ಹೆಸರಾಗಿದೆ. ಪಂಜು ಗಂಗೊಳ್ಳಿಯವರ ಸಂಪಾದಕತ್ವದಲ್ಲಿ ಬಂದ ನಿಘಂಟಿನ ಹೆಸರೂ "ಕುಂದಾಪ್ರ ಕನ್ನಡ ನಿಘಂಟು". ಜನ ಹುಡುಕುವ ಹೆಸರೂ ಅದೇ.

ಹುಡುಕುವ ವಿಷಯ ಬಂದದ್ದಕ್ಕೆ ಇನ್ನೊಂದು ಮಾತು. ಗಿಟ್‌ಹಬ್‌ನಲ್ಲಿ ರೆಪಾಸಿಟರಿಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಬೇಕು. ಬೈಂದೂರನ್ನೇ ಇಂಗ್ಲಿಷಿನಲ್ಲಿ ಎರಡು ಮೂರು ರೀತಿ ಬರೀತಾರೆ. ಹೆಸರಿಗೆ ಒಂದೇ ಸ್ಪೆಲಿಂಗ್ ಗಟ್ಟಿ ಮಾಡಿ, ಉಳಿದ ಸ್ಪೆಲಿಂಗ್‌ಗಳನ್ನು ವಿವರಣೆಯಲ್ಲಿ ಬರೆಯಿರಿ.

೨. ಲಿಪಿ ಬೇರೆ, ಭಾಷೆ ಬೇರೆ

ಲೋಹಿತ್ ಕನ್ನಡ ಫಾಂಟಿಗೆ ಫೆಡೋರಾದಲ್ಲಿ "ಲೋಹಿತ್-ಕನ್ನಡ-ಫಾಂಟ್ಸ್" ಅಂತ ಹೆಸರು. ಡೆಬಿಯನ್‌ನಲ್ಲಿ ಅದೇ ಫಾಂಟಿನ ಹೆಸರಿನ ಕೊನೆಗೆ "ಕನ್ನಡ" ಇಲ್ಲ, ಕೆ-ಎನ್-ಡಿ-ಎ ಎಂಬ ನಾಲ್ಕು ಅಕ್ಷರ ಇದೆ. ಅದು ಕನ್ನಡ ಲಿಪಿಯ ಅಂತಾರಾಷ್ಟ್ರೀಯ ಸಂಕೇತ. ಕನ್ನಡ ಭಾಷೆಯ ಸಂಕೇತ ಬೇರೆ, ಕೆ-ಎನ್.

ಇದು ಸಣ್ಣ ವ್ಯತ್ಯಾಸ ಅಲ್ಲ. ನಮ್ಮ ಜಿಲ್ಲೆಯಲ್ಲಿ ತುಳು, ಕೊಂಕಣಿ ಎರಡನ್ನೂ ಕನ್ನಡ ಲಿಪಿಯಲ್ಲಿ ಬರೀತಾರೆ. ಫಾಂಟ್ ಲಿಪಿಗೆ ಸೇರಿದ್ದು, ಹಾಗಾಗಿ ಮೂರು ಭಾಷೆಗೂ ಅದೇ ಸಾಕು. ಪದಪಟ್ಟಿ ಭಾಷೆಗೆ ಸೇರಿದ್ದು, ಅದು ಬೇರೆ ಬೇರೆ ಇರಬೇಕು. ನಿಮ್ಮ ಪ್ರಾಜೆಕ್ಟ್ ಇದರಲ್ಲಿ ಯಾವುದು ಅಂತ ಮೊದಲೇ ಕೇಳಿಕೊಳ್ಳಿ.

೩. ಒಂದೇ ಡಬ್ಬಿ ಸಾಲದು

ಯಕ್ಷಗಾನದ ಮೇಳಗಳನ್ನು ವಿಂಗಡಿಸಿ ನೋಡಿ. ತಿಟ್ಟಿನ ಲೆಕ್ಕ ಹಿಡಿದರೆ ಮಂದಾರ್ತಿ ಮತ್ತು ಸಾಲಿಗ್ರಾಮ ಮೇಳ ಒಂದೇ ಸಾಲಿಗೆ, ಎರಡೂ ಬಡಗು. ಕಟೀಲು ತೆಂಕಿಗೆ. ಆದರೆ ಹರಕೆ ಆಟವೋ ಡೇರೆ ಆಟವೋ ಅಂತ ಕೇಳಿದರೆ ಮಂದಾರ್ತಿ, ಕಟೀಲು ಒಂದು ಕಡೆ. ಸಾಲಿಗ್ರಾಮ ಇನ್ನೊಂದು ಕಡೆ. ಯಾವುದು ಸರಿ? ಎರಡೂ ಸರಿ. ಪ್ರಶ್ನೆ ಬೇರೆ ಆದ್ದರಿಂದ ಗುಂಪೂ ಬೇರೆ.

ಸಾಫ್ಟ್‌ವೇರಿನಲ್ಲೂ ಹೀಗೆಯೇ. ಡೆಬಿಯನ್ ಒಂದು ಪ್ಯಾಕೇಜನ್ನು ಲೈಸೆನ್ಸಿನ ಲೆಕ್ಕದಲ್ಲಿ ಮೇನ್, ಕಾಂಟ್ರಿಬ್, ನಾನ್-ಫ್ರೀ ಅಂತ ಒಮ್ಮೆ ವಿಂಗಡಿಸ್ತದೆ. ಕೆಲಸದ ಲೆಕ್ಕದಲ್ಲಿ ಫಾಂಟು, ಆಟ, ಸಂಪಾದಕ ಅಂತ ಮತ್ತೊಮ್ಮೆ. ಅಪರ್ಟಿಯಂ ಎಂಬ ಯಂತ್ರಾನುವಾದದ ಸಮುದಾಯ ಮೂರನೇ ಪ್ರಶ್ನೆ ಕೇಳ್ತದೆ: ಇದು ಎಷ್ಟು ಬಲಿತಿದೆ? ಇನ್‌ಕ್ಯುಬೇಟರ್, ನರ್ಸರಿ, ಸ್ಟೇಜಿಂಗ್, ಟ್ರಂಕ್ ಅಂತ ನಾಲ್ಕು ಮೆಟ್ಟಿಲು. ಇನ್‌ಕ್ಯುಬೇಟರಿನಲ್ಲಿ ಇರುವುದು ಅವಮಾನ ಅಲ್ಲ. ಈಗಲೇ ನಂಬಿ ಬಳಸಬೇಡಿ, ಬಂದು ಕೈಜೋಡಿಸಿ ಅಂತ ಅದರ ಅರ್ಥ.

ಬೈಂದೂರಿನ ಗೆಳೆಯನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಎಲ್ಲ ಊರನ್ನೂ ಹೆಸರಿನಲ್ಲಿ ತುರುಕುವುದು ಬೇಡ. ಪ್ರತಿಯೊಂದು ಪದದ ಮುಂದೆ "ಕೇಳಿದ ಊರು" ಅಂತ ಒಂದು ಕಾಲಂ ಇಡುವ. ಒಂದೇ ಪದ ಬೈಂದೂರಲ್ಲೂ ಸಾಲಿಗ್ರಾಮದಲ್ಲೂ ಸಿಕ್ಕಿದರೆ ಎರಡೂ ಊರು ಬರೆಯುವ.

೪. ಸಂಕೇತ ಇಲ್ಲದ ಮಾತು

ತುಳುವಿಗೆ ಟಿ-ಸಿ-ವೈ ಎಂಬ ಭಾಷಾ ಸಂಕೇತ ಇದೆ. 2016ರಲ್ಲಿ ತುಳು ವಿಕಿಪೀಡಿಯ ಸ್ವತಂತ್ರ ತಾಣವಾದಾಗ ಅದರ ವಿಳಾಸವೂ ಅದೇ ಆಯ್ತು. ಕುಂದಾಪ್ರ ಕನ್ನಡಕ್ಕೆ ಅಂಥ ಪ್ರತ್ಯೇಕ ಸಂಕೇತ ಇಲ್ಲ, ಅದು ಕನ್ನಡದ ಒಳಗೇ ಬರ್ತದೆ. ಬರಲಿ, ನಾವು ಆಡುವುದು ಕನ್ನಡವೇ. ಆದರೆ ಬರೀ ಕೆ-ಎನ್ ಅಂತ ಚೀಟಿ ಹಚ್ಚಿ ಬಿಟ್ಟರೆ, ನಾಳೆ ಯಾರೋ ಡೇಟಾ ಶುದ್ಧ ಮಾಡುವಾಗ "ಹೋಯ್ಕ್", "ಬರ್ಕ್", "ಬಪ್ಪುದು" ಎಲ್ಲವನ್ನೂ ಅಕ್ಷರತಪ್ಪು ಅಂತ ತಿಳಿದು ಅಳಿಸಿ ಹಾಕಬಹುದು. ಅವರ ತಪ್ಪಲ್ಲ. ನಾವು ಹೇಳಿರಲಿಲ್ಲ.

ಇದಕ್ಕೆ ದಾರಿ ಉಂಟು. ಭಾಷಾ ಚೀಟಿಗಳ ನಿಯಮ 2009ರ ಆರ್‌ಎಫ್‌ಸಿ 5646ರಲ್ಲಿದೆ. ಅದರ ಪ್ರಕಾರ ಕೆ-ಎನ್ ಆದ ಮೇಲೆ ಅಡ್ಡಗೆರೆ, ಎಕ್ಸ್, ಮತ್ತೆ ಅಡ್ಡಗೆರೆ ಹಾಕಿ ನಮ್ಮದೇ ಉಪಚೀಟಿ ಸೇರಿಸಬಹುದು. ಒಂದು ಉಪಚೀಟಿಯಲ್ಲಿ ಹೆಚ್ಚೆಂದರೆ ಎಂಟು ಅಕ್ಷರ. ಇಂಗ್ಲಿಷಿನಲ್ಲಿ "ಕುಂದಾಪುರ" ಬರೆದರೆ ಒಂಬತ್ತಾಗ್ತದೆ, ಹಿಡಿಸುವುದಿಲ್ಲ. ನಾವು ಬಾಯಲ್ಲಿ ಹೇಳುವ "ಕುಂದಾಪ್ರ" ಬರೆದರೆ ಸರಿಯಾಗಿ ಎಂಟು!

ಇದು ಖಾಸಗಿ ಚೀಟಿ, ನಮ್ಮೊಳಗಿನ ಒಪ್ಪಂದ. ಇದನ್ನು ಅಧಿಕೃತವಾಗಿ ನೋಂದಾಯಿಸಲೂ ಬರ್ತದೆ. ಲಿವರ್‌ಪೂಲ್ ಊರಿನ ಇಂಗ್ಲಿಷಿಗೆ "ಸ್ಕೌಸ್" ಎಂಬ ನೋಂದಾಯಿತ ಉಪಚೀಟಿ ಇದೆ. ಅರ್ಜಿಯನ್ನು ಯಾರು ಬೇಕಾದರೂ ಹಾಕಬಹುದು, ಎರಡು ವಾರ ಪರಿಶೀಲನೆ ನಡೀತದೆ. ಆದರೆ ಈ ಮಾತು ಹೇಗೆ ಬೇರೆ ಅಂತ ವಿವರಿಸಬೇಕು. ಅದಕ್ಕೆ ನಮ್ಮ ಹತ್ರ ಪುರಾವೆ, ಅಂದರೆ ಪದಗಳು, ಬೇಕು.

೫. ನಾವು ನಿರ್ಧರಿಸಿದ್ದು

ಹೆಸರು: ಕುಂದಾಪ್ರ ಪದಪಟ್ಟಿ. ಭಾಷೆ: ಕನ್ನಡ, ಕುಂದಾಪ್ರ ಉಪಚೀಟಿಯೊಂದಿಗೆ. ಲಿಪಿ: ಕನ್ನಡ. ಹಂತ: ಇನ್‌ಕ್ಯುಬೇಟರ್. ಸಾಮಾನ್ಯ ಕನ್ನಡದ ಪಟ್ಟಿಗೆ ಇದನ್ನು ಬೆರೆಸುವುದಿಲ್ಲ; ಬೆರೆಸಿದರೆ ಕಚೇರಿ ಪತ್ರದಲ್ಲಿ "ಬರ್ಕ್" ಅಂತ ಬರೆದರೂ ಕಂಪ್ಯೂಟರ್ ಸುಮ್ಮನಿರ್ತದೆ. ಬೇಕಾದವರು ಹಾಕಿಕೊಳ್ಳುವ ಹಾಗೆ ಪ್ರತ್ಯೇಕ ಕಡತ ಇರಲಿ. ಅಚ್ಚಾದ ನಿಘಂಟಿನಿಂದ ನಕಲು ಮಾಡುವುದಿಲ್ಲ, ಅದಕ್ಕೆ ಹಕ್ಕುಸ್ವಾಮ್ಯ ಇರ್ತದೆ. ಪದಗಳನ್ನು ನಾವೇ ಕೇಳಿ ಬರೆಯಬೇಕು.

ಹಾಗಾಗಿ ಒಂದು ಹೋಮ್‌ವರ್ಕ್. ಮುಂದಿನ ರಜೆಗೆ ಊರಿಗೆ ಹೋದಾಗ ಅಜ್ಜಿಯ ಹತ್ರ ಕೂತು ಹತ್ತು ಪದ ಬರೆದು ತನ್ನಿ. ಪ್ರತಿ ಪದಕ್ಕೂ ಅರ್ಥ, ಒಂದು ವಾಕ್ಯ, ಕೇಳಿದ ಊರು ಇರಲಿ. ಘಟ್ಟದ ಮೇಲಿನವರು ನಿಮ್ಮ ಊರಿನ ಮಾತಿಗೆ ಇದೇ ನಾಲ್ಕು ಪ್ರಶ್ನೆ ಕೇಳಿ ನೋಡಿ: ಹೆಸರೆಂತ, ಲಿಪಿ ಯಾವುದು, ಚೀಟಿ ಯಾವುದು, ಎಷ್ಟು ಬಲಿತಿದೆ. ಉತ್ತರ ಸಿಕ್ಕಿದರೆ ಕೋಡ್ ಬರೆಯಲು ಕೂರಬಹುದು.