ದೂರದ ಲಾರಿ ಬಿಟ್ಟು ಊರಿನ ಕೂಲ್ ಡ್ರಿಂಕ್ಸ್ ಗಾಡಿ

ಪೀಠಿಕೆ: ಈ ತಿಂಗಳ ಗೋಡೆ ಪತ್ರಿಕೆಗೆ ನಿಮ್ಮ ಮನೆಯವರ ಕೆಲಸವನ್ನೇ ಪಾಠದ ಹಾಗೆ ಬರೆಯಿರಿ ಅಂತ ಗುರುಗಳು ಹೇಳಿದರು. ನಮ್ಮಪ್ಪ ಡ್ರೈವರ್. 14 ವರ್ಷ ದೂರದ ಲಾರಿ ಓಡಿಸಿ, ಹೋದ ವರ್ಷದಿಂದ ಸೋಮವಾರಪೇಟೆ ಸುತ್ತಮುತ್ತ ಕೂಲ್ ಡ್ರಿಂಕ್ಸ್ ಗಾಡಿ ಓಡಿಸುತ್ತಿದ್ದಾರೆ. ಎರಡರಲ್ಲೂ ಸ್ಟೇರಿಂಗ್ ಒಂದೇ, ಆದರೆ ಕೆಲಸ ಒಂದೇ ಅಲ್ಲ. ಅದು ಹೇಗೆ ಎಂದು ತಿಳಿಯೋಣ.

1. ದೂರದ ಲಾರಿ: ಕುಶಾಲನಗರದಲ್ಲಿ ಕಾಫಿ ಮೂಟೆ ತುಂಬಿಕೊಂಡು ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ಮೇಲೆ ಮಂಗಳೂರಿಗೆ ಹೋಗುವುದು. ಅಲ್ಲಿ ಬೇರೆ ಲೋಡು ಹಿಡಿದು ಮುಂಬೈ ಕಡೆಗೆ. ಮಾಲು ಇಳಿಸಿದ ಮೇಲೆ ಖಾಲಿ ಬಂದರೆ ಡೀಸೆಲ್ ದುಡ್ಡು ದಂಡ. ಆದ್ದರಿಂದ ವಾಪಸ್ ಲೋಡು ಸಿಗುವ ತನಕ ಲಾರಿಯಲ್ಲೇ ಮಲಗಿ ಕಾಯಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆ ಬಂದಾಯಿತು. ಆಗ ಅಪ್ಪ ಮಂಗಳೂರಿನಲ್ಲಿ, ನಾವು ಇಲ್ಲಿ. ನಾನು ತುಂಬಾ ಚಿಕ್ಕವಳು. ಅಮ್ಮ ಒಲೆ ಮುಂದೆ ಸುಮ್ಮನೆ ಕೂತಿದ್ದು ಮಾತ್ರ ನೆನಪಿದೆ.

2. ನಿದ್ದೆಯ ಲೆಕ್ಕ: ಲಾರಿ ಗಂಟೆಗೆ 60 ಕಿ.ಮೀ. ವೇಗದಲ್ಲಿದೆ ಎಂದುಕೊಳ್ಳಿ. 60,000 ಮೀಟರನ್ನು 3,600 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಡ್ರೈವರ್ ಮೂರೇ ಸೆಕೆಂಡು ತೂಕಡಿಸಿದರೆ ಲಾರಿ 50 ಮೀಟರ್ ಕುರುಡಾಗಿ ಓಡಿರುತ್ತದೆ!

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಬರೆದಿದ್ದರು. ಆದರೆ ಆ ಕಾಯ್ದೆ ಐದು ಅಥವಾ ಹೆಚ್ಚು ಕೆಲಸಗಾರರು ಇರುವ ಕಡೆಗೆ ಮಾತ್ರ ಇತ್ತು. ಒಂದೇ ಲಾರಿ ಇಟ್ಟುಕೊಂಡ ಮಾಲೀಕರ ಹತ್ತಿರ ಒಬ್ಬ ಡ್ರೈವರ್, ಒಬ್ಬ ಕ್ಲೀನರ್. ಅಂಥಲ್ಲಿ ಗಂಟೆ ಎಣಿಸುವವರು ಯಾರು?

ಈ ಲೆಕ್ಕ ತೋರಿಸಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: ಒಂದು ರಾತ್ರಿ ಮೂರು ಗಂಟೆಗೆ ಅವರಿಗೂ ಹಾಗೇ ಆಗಿತ್ತಂತೆ. ಕಣ್ಣು ಬಿಟ್ಟಾಗ ಲಾರಿ ಟಾರು ಬಿಟ್ಟು ಮಣ್ಣಿನ ಮೇಲಿತ್ತಂತೆ. ಯಾರಿಗೂ ಏನೂ ಆಗಲಿಲ್ಲ. ಅಮ್ಮನಿಗೂ ಇದು ಅವತ್ತೇ ಗೊತ್ತಾಗಿದ್ದು. "ಇದನ್ನ ಬರೀಲಾ ಅಪ್ಪ?" ಅಂದೆ. "ಬರಿ ಮಗಳೇ, ನಾಲ್ಕು ಜನ ಓದ್ಲಿ" ಅಂದರು.

3. ಕೂಲ್ ಡ್ರಿಂಕ್ಸ್ ಗಾಡಿ: ಬೆಳಿಗ್ಗೆ ಡಿಪೋದಲ್ಲಿ ಲೋಡು. ಕೊನೆಯ ಅಂಗಡಿಯ ಮಾಲು ಮೊದಲು ಒಳಗೆ, ಮೊದಲ ಅಂಗಡಿಯ ಮಾಲು ಬಾಗಿಲ ಹತ್ತಿರ. ಇದು ತಪ್ಪಿದರೆ ಎಲ್ಲವನ್ನೂ ಎಳೆದು ಹಾಕಬೇಕು. ಸೋಮವಾರ ಸೋಮವಾರಪೇಟೆ ಸಂತೆ, ಶನಿವಾರ ಶನಿವಾರಸಂತೆ, ಹೀಗೆ ವಾರಕ್ಕೆ ಲೈನು ಗೊತ್ತು ಮಾಡಿರುತ್ತಾರೆ. ಗಾಜಿನ ಬಾಟಲಿ ಕ್ರೇಟಿನಲ್ಲಿ 24 ಇರುತ್ತದೆ. ಖಾಲಿ ಬಾಟಲಿ ಎಣಿಸಿ ವಾಪಸ್ ತರಬೇಕು, ದುಡ್ಡು ಎಣಿಸಬೇಕು, ಚೀಟಿ ಬರೆಯಬೇಕು. ಲೆಕ್ಕ ತಪ್ಪಿದರೆ ಸಂಬಳದಲ್ಲಿ ಹಿಡಿಯುತ್ತಾರೆ.

ತೂಕದ ಲೆಕ್ಕ: 1 ಲೀಟರ್ ನೀರು 1 ಕೆ.ಜಿ. ಹನ್ನೆರಡು ಬಾಟಲಿಯ ಬಾಕ್ಸ್ 12 ಕೆ.ಜಿ. ದಿನಕ್ಕೆ 100 ಬಾಕ್ಸ್ ಎಂದರೆ 1,200 ಕೆ.ಜಿ. ತುಂಬುವಾಗ ಒಂದು ಸಲ, ಇಳಿಸುವಾಗ ಒಂದು ಸಲ ಎತ್ತಿದರೆ 2,400 ಕೆ.ಜಿ. ಹೆಚ್ಚು ಕಡಿಮೆ ದುಬಾರೆಯ ಒಂದು ಹೆಣ್ಣಾನೆಯ ತೂಕ! "ಲಾರೀಲಿ ಕಣ್ಣು ಉರೀತಿತ್ತು, ಇದ್ರಲ್ಲಿ ಸೊಂಟ ಹಿಡಿಯುತ್ತೆ" ಅಂತಾರೆ ಅಪ್ಪ. ಆದ್ದರಿಂದ ಬೆನ್ನು ಬಗ್ಗಿಸಿ ಎತ್ತಬಾರದು. ಮಂಡಿ ಮಡಚಿ, ಬಾಕ್ಸನ್ನು ಮೈಗೆ ಹತ್ತಿರ ಹಿಡಿದು ಏಳಬೇಕು.

4. ಲೈಸನ್ಸ್: ದೊಡ್ಡ ಲಾರಿಗೆ ಹೆವಿ ಲೈಸನ್ಸ್ ಬೇಕು. ಲೋಡು ಸೇರಿ 7,500 ಕೆ.ಜಿ. ಮೀರದ ಗಾಡಿಗೆ ಲಘು ವಾಹನದ ಲೈಸನ್ಸ್ ಸಾಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಬಾಡಿಗೆ, ಸರಕು ಗಾಡಿ ಓಡಿಸಲು 8ನೇ ತರಗತಿ ಓದಿರಬೇಕು ಎಂಬ ನಿಯಮವಿತ್ತು. 2019ರಲ್ಲಿ ಅದನ್ನು ತೆಗೆದರು. ಹಾಗಂತ ಶಾಲೆ ಬಿಡಬೇಡಿ. ಮೇಲಿನ ಲೆಕ್ಕಗಳನ್ನು ಇನ್ನೊಮ್ಮೆ ನೋಡಿ.

5. ಲಾಭ, ನಷ್ಟ: ಈ ಕೆಲಸದಲ್ಲಿ ದುಡ್ಡು ಮೊದಲಿಗಿಂತ ಕಡಿಮೆ. ಬೇಸಿಗೆಯಲ್ಲಿ ವ್ಯಾಪಾರ ಜೋರು, ಕಮಿಷನ್ನೂ ಬರುತ್ತದೆ. ಆದರೆ ಜೂನ್, ಜುಲೈ ಮಳೆಯಲ್ಲಿ ನಮ್ಮೂರಲ್ಲಿ ಯಾರು ತಣ್ಣಗಿರೋದು ಕುಡೀತಾರೆ? ಎಲ್ಲರಿಗೂ ಬಿಸಿ ಕಾಫಿಯೇ ಬೇಕು. ಹೋದ ಮಳೆಗಾಲದಲ್ಲಿ ಹಳೇ ಮಾಲೀಕರು ಫೋನ್ ಮಾಡಿ ಮತ್ತೆ ಲಾರಿಗೆ ಕರೆದರು. ಅಪ್ಪ ಬಟ್ಟೆ ಬ್ಯಾಗನ್ನು ಅಟ್ಟದಿಂದ ಇಳಿಸಿಯೂ ಇದ್ದರು. ಅಮ್ಮ ಹಳೇ ಕ್ಯಾಲೆಂಡರ್ ತಂದು ಮುಂದಿಟ್ಟರು. ಅಪ್ಪ ಮನೆಯಲ್ಲಿ ಮಲಗಿದ ದಿನಕ್ಕೆ ಅದರಲ್ಲಿ ಸೊನ್ನೆ ಸುತ್ತಿದ್ದರು. ನಾನು ಎಣಿಸಿದೆ. ವರ್ಷಕ್ಕೆ 71. ಬ್ಯಾಗು ವಾಪಸ್ ಅಟ್ಟಕ್ಕೆ ಹೋಯಿತು. ನನ್ನ ಸೈಕಲ್ ಮಾತ್ರ ಮುಂದಿನ ವರ್ಷಕ್ಕೆ ಹೋಯಿತು. ಅಡ್ಡಿಯಿಲ್ಲ.

ಉಪಸಂಹಾರ: ನಾವು ಅಂಗಡಿಯಲ್ಲಿ ಕುಡಿಯುವ ಒಂದು ಬಾಟಲಿಯನ್ನು ಯಾರೋ ಎರಡು ಸಲವಾದರೂ ಎತ್ತಿರುತ್ತಾರೆ. ಗಾಜಿನ ಬಾಟಲಿ ಆದರೆ ಕುಡಿದು ಅಂಗಡಿಗೇ ಕೊಡಿ, ರಸ್ತೆಯಲ್ಲಿ ಒಡೆಯಬೇಡಿ. ರಾತ್ರಿ ಲಾರಿ ಓಡಿಸುವವರು ನಿಮ್ಮ ಮನೆಯಲ್ಲಿದ್ದರೆ ಮೂರು ಸೆಕೆಂಡಿನ ಲೆಕ್ಕವನ್ನು ಅವರಿಗೆ ತೋರಿಸಿ.

ನಿಮಗೊಂದು ಲೆಕ್ಕ: ಗಂಟೆಗೆ 72 ಕಿ.ಮೀ. ವೇಗದ ಲಾರಿ 4 ಸೆಕೆಂಡಿನಲ್ಲಿ ಎಷ್ಟು ಮೀಟರ್ ಹೋಗುತ್ತದೆ? ಉತ್ತರ ಬರೆದು ಕೆಳಗಿನ ಡಬ್ಬಿಗೆ ಹಾಕಿ.

- 7ನೇ ತರಗತಿ ವಿದ್ಯಾರ್ಥಿನಿ