ಬಣ್ಣ ಮತ್ತು ಡಿಕ್ಯಾಲ್ ಒಂದಾಗುವುದು ಹೇಗೆ?



ಕಾಲೇಜಿನ ವಸ್ತುಪ್ರದರ್ಶನಕ್ಕೆ ನಾನು ಐಸಿಎಫ್ ರೈಲು ಬೋಗಿಯ ಮಾದರಿ ಮಾಡಿದೆ. ಚೆನ್ನೈನ ಪೆರಂಬೂರಿನಲ್ಲಿ ತಯಾರಾದ ಈ ನೀಲಿ ಬೋಗಿಯನ್ನು ನಾವೆಲ್ಲ ನೋಡಿದ್ದೇವೆ. ಅದರ ಉದ್ದ ಸುಮಾರು 21.3 ಮೀಟರ್. 1:87 ಅಳತೆಯಲ್ಲಿ ಅದು 24.5 ಸೆಂಟಿಮೀಟರ್ ಆಗುತ್ತದೆ.

ಬೋಗಿಯ ಮೈ ಕಡು ನೀಲಿ, ಕಿಟಕಿ ಸಾಲಿನ ಪಟ್ಟಿ ತಿಳಿ ನೀಲಿ. ಪಟ್ಟಿಗೆ ಡಿಕ್ಯಾಲ್ ಮುದ್ರಿಸಿದೆ. ಡಿಕ್ಯಾಲ್ ಎಂದರೆ ನೀರಿನಲ್ಲಿ ನೆನೆಸಿ, ಕಾಗದದಿಂದ ಜಾರಿಸಿ ಅಂಟಿಸುವ ತೆಳು ಪೊರೆ. ನನ್ನ ಮಾದರಿಯ ಬಾಗಿಲುಗಳು ಒಳಕ್ಕೆ ತಗ್ಗಿದ್ದರಿಂದ ಅಲ್ಲಿ ಬ್ರಷ್‌ನಿಂದಲೇ ಬಣ್ಣ ಬಳಿಯಬೇಕಿತ್ತು. ಆದ್ದರಿಂದ ಎರಡು ತಿಳಿ ನೀಲಿಗಳೂ ಹೊಂದಬೇಕಿತ್ತು.

ಮೊದಲ ಹಾಳೆ ಪಾರದರ್ಶಕ. ಅಂಟಿಸಿದ ಕೂಡಲೇ ಪಟ್ಟಿ ಮಾಯವಾದಂತಾಯಿತು! ಸಾಮಾನ್ಯ ಪ್ರಿಂಟರ್‌ನಲ್ಲಿ ಬಿಳಿ ಇಂಕು ಇರುವುದಿಲ್ಲ. ತಿಳಿ ಬಣ್ಣವೆಂದರೆ ಅದಕ್ಕೆ ಬಿಡಿ ಬಿಡಿ ಚುಕ್ಕೆಗಳು ಮಾತ್ರ. ನಡುವಿನ ಖಾಲಿ ಜಾಗದಲ್ಲಿ ಕೆಳಗಿನ ಕಡು ನೀಲಿ ಕಾಣುತ್ತದೆ.

ಎರಡನೆಯದು ಬಿಳಿ ಹಾಳೆ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಬಾಗಿಲಿಗೂ ಪಟ್ಟಿಗೂ ಸರಿಹೊಂದಿತು, ಬೆಳಿಗ್ಗೆ ಬಿಸಿಲಿನಲ್ಲಿ ಬೇರೆಯಾಯಿತು. ಇಂಕು ಮತ್ತು ಪೇಂಟಿನ ವರ್ಣದ್ರವ್ಯಗಳು ಬೇರೆ ಬೇರೆ. ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡವು ಇನ್ನೊಂದರಲ್ಲಿ ಹಾಗೆ ಕಾಣಬೇಕೆಂದಿಲ್ಲ. ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ.

ಈದ್‌ಗೆ ಸಿಕ್ಕ ಹಣದ ಎರಡು ಹಾಳೆ ನಷ್ಟದ ಖಾತೆಗೆ ಹೋಯಿತು. ಉಳಿದದ್ದು ಒಂದೇ. ಆಗ ಬೋರ್ಡು ಬರೆಯುವ ನಮ್ಮ ಮಾಮು ಹೇಳಿದರು: “ಬೇಟಾ, ಪೇಂಟಿಗೆ ಇಂಕು ಹೊಂದಿಸಲು ಹೋಗಬೇಡ. ಇಂಕಿಗೆ ಪೇಂಟು ಹೊಂದಿಸು. ಪೇಂಟನ್ನು ಹನಿ ಹನಿಯಾಗಿ ಬದಲಿಸಬಹುದು.”

ಆ ಕ್ರಮ ಹೀಗಿದೆ:

1. ಬಿಳಿ ಡಿಕ್ಯಾಲ್ ಹಾಳೆಯ ಮೂಲೆಯಲ್ಲಿ ಒಂದೇ ಬಣ್ಣದ ಐದಾರು ಛಾಯೆಗಳ ಚೌಕ ಮುದ್ರಿಸಿ. ಪರದೆಯ ಬಣ್ಣವನ್ನು ನಂಬಬೇಡಿ. ಅದು ಬೆಳಕು, ಇದು ಇಂಕು.
2. ಇಂಕ್‌ಜೆಟ್ ಆದರೆ ವಾರ್ನಿಷ್ ಸಿಂಪಡಿಸಿ ಒಣಗಿಸಿ, ಇಲ್ಲವಾದರೆ ನೀರಿನಲ್ಲಿ ಇಂಕು ಹರಡುತ್ತದೆ.
3. ಸರಿಯಾದ ಚೌಕವನ್ನು ಆರಿಸಿ, ಅದಕ್ಕೆ ಪೇಂಟು ಬೆರೆಸಿ. ಒಣಗಿದ ಮೇಲೆಯೇ ಹೋಲಿಸಿ.
4. ಹೊಳಪು ಬೇರೆಯಾದರೆ ಬಣ್ಣವೂ ಬೇರೆ ಕಾಣುತ್ತದೆ. ಎರಡಕ್ಕೂ ಒಂದೇ ವಾರ್ನಿಷ್ ಕೊಟ್ಟು ನೋಡಿ.
5. ಮಾದರಿ ಇಡುವ ಜಾಗದ ಬೆಳಕಿನಲ್ಲೇ ಕೊನೆಯ ತೀರ್ಮಾನ ಮಾಡಿ.
6. ಕತ್ತರಿಸಿದ ಬಿಳಿ ಅಂಚಿಗೆ ತೆಳುವಾಗಿ ಕಡು ನೀಲಿ ಬಳಿಯಿರಿ.

ಪ್ರದರ್ಶನದ ಹಿಂದಿನ ದಿನ ಮೂರನೇ ಹಾಳೆಯನ್ನು ನಮ್ಮ ಸಭಾಂಗಣದ ಕಿಟಕಿ ಪಕ್ಕದಲ್ಲೇ ಅಂಟಿಸಿದೆ. ಮರುದಿನ ಮಾಮು ಬಂದು, ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. “ಪಟ್ಟಿ ಎಲ್ಲಿ ಮುಗಿಯುತ್ತದೆ?” ಎಂದು ಅವರೇ ಕೇಳಿದಾಗ ನನ್ನ ನಷ್ಟವೆಲ್ಲ ತುಂಬಿಬಂತು.